ನ್ಯೂಯಾರ್ಕಲ್ಲಿ ಆಳಿನ ಲೆಕ್ಕ, ಲಂಡನ್ನಲ್ಲಿ ರಾತ್ರಿಯ ಲೆಕ್ಕ: ಮನೆಯನ್ನು ದಿನಬಾಡಿಗೆಗೆ ಬಿಡೋ ಮುಂಚೆ ಗೊತ್ತಿರಬೇಕಾದ ರೂಲ್ಸು, ಟ್ಯಾಕ್ಸು

ಚಿಕ್ಕಮಗಳೂರು: ಹೋಂಸ್ಟೇ ಅಂದ್ರೆ ಏನು ಅಂತ ಈ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂಡಿಗೆರೆ, ಕಳಸ, ಮಲ್ಲಂದೂರು ಕಡೆ ತೋಟದ ಮನೆಯಲ್ಲಿ ಎರಡು ರೂಮ್ ಜಾಸ್ತಿ ಇದ್ರೆ ಗೇಟಿಗೆ ಬೋರ್ಡ್ ಬೀಳೋದು ಮಾಮೂಲು. ಅಂಥ ಮನೆಗಳಲ್ಲಿ ಬೆಳೆದ ಹುಡುಗ, ಹುಡುಗಿಯರು ಎಷ್ಟೋ ಜನ ಈಗ ನ್ಯೂಯಾರ್ಕಲ್ಲೋ ಲಂಡನ್ನಲ್ಲೋ ಬಾಡಿಗೆ ಫ್ಲ್ಯಾಟ್ ಹಿಡಿದು ಕೆಲಸ ಮಾಡ್ತಿದ್ದಾರೆ. ಡಿಸೆಂಬರ್‌ನಲ್ಲಿ ಊರಿಗೆ ಬಂದರೆ ಅಲ್ಲಿನ ಮನೆ ಮೂರು ವಾರ ಖಾಲಿ. ಬಾಡಿಗೆ ಮಾತ್ರ ನಿಲ್ಲಲ್ಲ. ‘ಏರ್‌ಬಿಎನ್‌ಬಿಗೆ ಹಾಕಿದ್ರೆ ವಿಮಾನದ ಟಿಕೆಟ್ ದುಡ್ಡಾದ್ರೂ ಹುಟ್ಟುತ್ತಲ್ಲ’ ಅನ್ನೋ ಯೋಚನೆ ಹೋಂಸ್ಟೇ ನೋಡಿ ಬೆಳೆದವರಿಗೆ ಬರದೇ ಇರುತ್ತಾ?

ಉತ್ತರ ಊರಿನ ಮೇಲೆ ನಿಂತಿದೆ. ಅದೇ ಡಿಸೆಂಬರ್, ಅದೇ ಮೂರು ವಾರ, ಅದೇ ಒಂದು ಬೆಡ್‌ರೂಮ್ ಫ್ಲ್ಯಾಟ್. ನ್ಯೂಯಾರ್ಕ್ ನಗರದಲ್ಲಾದರೆ ಕಾನೂನುಬಾಹಿರ. ಲಂಡನ್ನಲ್ಲಾದರೆ ನಗರದ ಕಾನೂನಿನ ಅಡ್ಡಿ ಇಲ್ಲ, ಆದರೆ ಮನೆ ಮಾಲೀಕರ ಜೊತೆ ಮಾಡಿಕೊಂಡ ಅಗ್ರಿಮೆಂಟು ಅಡ್ಡ ಬರಬಹುದು. ಎರಡೂ ಕಡೆ ಎಡವಿದರೆ ಹೋಗೋದು ದಂಡದ ದುಡ್ಡು ಮಾತ್ರ ಅಲ್ಲ, ಇರೋ ಮನೆಯೇ ಕೈ ಬಿಟ್ಟು ಹೋಗಬಹುದು.

ಎರಡು ನಗರಗಳ ಕಾನೂನು ಕೇಳೋ ಪ್ರಶ್ನೆಯೇ ಬೇರೆ. ‘ಅತಿಥಿ ಮಲಗಿರುವಾಗ ಮನೆಯವರು ಎಲ್ಲಿ ಮಲಗಿದ್ದಾರೆ’ ಅನ್ನೋದು ನ್ಯೂಯಾರ್ಕಿನ ಪ್ರಶ್ನೆ. ‘ಈ ವರ್ಷ ಎಷ್ಟು ರಾತ್ರಿ ಕೊಟ್ಟಿರಿ’ ಅನ್ನೋದು ಲಂಡನ್ನಿನ ಪ್ರಶ್ನೆ. ಉಳಿದ ನಿಯಮ, ತೆರಿಗೆ, ಜಗಳ ಬಹುತೇಕ ಇದರಿಂದಲೇ ಹುಟ್ಟಿದ್ದು.

ನ್ಯೂಯಾರ್ಕ್: ಮನೆಯವರು ಮನೇಲಿರಬೇಕು

ಏರ್‌ಬಿಎನ್‌ಬಿ ಮೇಲೆ ನ್ಯೂಯಾರ್ಕ್ ಮುಗಿಬಿದ್ದಿದ್ದು 2023ರಲ್ಲಿ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಮೂಲ ನಿಯಮ ಅದಕ್ಕಿಂತ ಹಳೇದು. ಮೂರು ಮತ್ತು ಅದಕ್ಕಿಂತ ಹೆಚ್ಚು ಸಂಸಾರ ಇರೋ ಕಟ್ಟಡಗಳಿಗೆ ಅನ್ವಯಿಸುವ ‘ಮಲ್ಟಿಪಲ್ ಡ್ವೆಲ್ಲಿಂಗ್ ಲಾ’ ಅನ್ನೋ ರಾಜ್ಯದ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯ್ತು, 2011ರ ಮೇನಲ್ಲಿ ಜಾರಿಗೆ ಬಂತು. ಜನ ಕಾಯಂ ವಾಸ ಇರೋ ಇಂಥ ಕಟ್ಟಡದ ಮನೆಯನ್ನು 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ, ಕೊಡೋದಾದ್ರೆ ಮನೆಯ ಕಾಯಂ ನಿವಾಸಿ ಅತಿಥಿ ಜೊತೆ ಅಲ್ಲೇ ಇರಬೇಕು ಅಂತ ಅದು ಹೇಳಿತು. 2016ರಲ್ಲಿ ಇಂಥ ಮನೆಗಳ ಜಾಹೀರಾತು ಹಾಕೋದಕ್ಕೂ 7,500 ಡಾಲರ್‌ವರೆಗೆ ದಂಡ ಬಂತು.

ಆದರೆ ಕಾನೂನು ಪುಸ್ತಕದಲ್ಲಿತ್ತು, ಲಿಸ್ಟಿಂಗು ಫೋನಲ್ಲಿತ್ತು. ಯಾವ ಮನೆ ಯಾರದ್ದು ಅಂತ ಒಂದೊಂದೇ ಬಾಗಿಲು ತಟ್ಟಿ ಹುಡುಕೋದು ಯಾವ ನಗರಾಡಳಿತಕ್ಕೂ ಆಗೋ ಮಾತಲ್ಲ.

ಆಟ ಬದಲಾಗಿದ್ದು 2022ರ ‘ಲೋಕಲ್ ಲಾ 18’ರಿಂದ. ನಗರಾಡಳಿತ ಬಾಗಿಲು ತಟ್ಟೋದನ್ನು ಬಿಟ್ಟು ಬುಕಿಂಗ್ ಕಂಪನಿಯ ಕತ್ತಿಗೇ ಕೈ ಹಾಕಿತು. ದಿನಬಾಡಿಗೆಗೆ ಕೊಡೋ ಪ್ರತಿಯೊಬ್ಬರೂ ಮೇಯರ್ ಕಚೇರಿಯ ಅಡಿ ಬರುವ ‘ಆಫೀಸ್ ಆಫ್ ಸ್ಪೆಷಲ್ ಎನ್‌ಫೋರ್ಸ್‌ಮೆಂಟ್’ನಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ನಂಬರ್ ತಾಳೆ ನೋಡದೆ ಏರ್‌ಬಿಎನ್‌ಬಿ ಆಗಲಿ, ಬುಕಿಂಗ್ ಡಾಟ್ ಕಾಮ್ ಆಗಲಿ ದುಡ್ಡು ತಗೊಳ್ಳುವಂತಿಲ್ಲ. ತಗೊಂಡ್ರೆ ಒಂದೊಂದು ಬುಕಿಂಗಿಗೆ 1,500 ಡಾಲರ್‌ವರೆಗೆ ದಂಡ ಕಂಪನಿಗೆ. ಮನೆಯವರಿಗೆ 5,000 ಡಾಲರ್‌ವರೆಗೆ. ಏರ್‌ಬಿಎನ್‌ಬಿ ಕೋರ್ಟಿಗೆ ಹೋಯ್ತು, 2023ರ ಆಗಸ್ಟ್‌ನಲ್ಲಿ ಕೇಸು ವಜಾ ಆಯ್ತು, ಸೆಪ್ಟೆಂಬರ್ 5ರಿಂದ ಜಾರಿ ಶುರುವಾಯ್ತು. ಅದಕ್ಕೆ ಮುಂಚೆ ಸಾವಿರಾರು ಸಂಖ್ಯೆಯಲ್ಲಿದ್ದ ದಿನಬಾಡಿಗೆ ಲಿಸ್ಟಿಂಗುಗಳು ಕೆಲವೇ ವಾರಗಳಲ್ಲಿ ಬಹುಪಾಲು ಮಾಯವಾದವು. ಕೆಲವು ಪೂರ್ತಿ ಹೋದವು, ಕೆಲವು ‘ಕನಿಷ್ಠ 30 ದಿನ’ ಅಂತ ಬೋರ್ಡ್ ಬದಲಿಸಿಕೊಂಡವು.

ನೋಂದಣಿ ಶುಲ್ಕ 145 ಡಾಲರ್. ಅದು ದೊಡ್ಡ ವಿಷಯ ಅಲ್ಲ. ಷರತ್ತು ನೋಡಿ:

ಅತಿಥಿ ಇರುವಷ್ಟು ದಿನ ಮನೆಯವರೂ ಅದೇ ಮನೆಯಲ್ಲಿ ಇರಬೇಕು. ಒಂದು ಸಲಕ್ಕೆ ದುಡ್ಡು ಕೊಡೋ ಅತಿಥಿ ಇಬ್ಬರೇ, ಮೂರನೆಯವರಿಗೆ ಜಾಗ ಇಲ್ಲ. ಅತಿಥಿ ಮನೆಯ ಎಲ್ಲ ಭಾಗಕ್ಕೂ ಹೋಗುವಂತಿರಬೇಕು, ಒಳಬಾಗಿಲಿಗೆ ಬೀಗ ಜಡಿದು ‘ಇದು ನಮ್ಮ ಕಡೆ, ಅದು ನಿಮ್ಮ ಕಡೆ’ ಅಂತ ಮಾಡುವಂತಿಲ್ಲ. ಅಂದ್ರೆ ಒಂದೇ ಮನೆಯವರ ಥರ ಇರಬೇಕು ಅನ್ನೋದು ಕಾನೂನಿನ ಲೆಕ್ಕ.

ಬಾಡಿಗೆಗಿರೋರೂ ಅರ್ಜಿ ಹಾಕಬಹುದು. ಆದರೆ ಲೀಸ್ ಪತ್ರದಲ್ಲಿ ನಿಷೇಧ ಇಲ್ಲ ಅಂತ ಅವರೇ ದೃಢೀಕರಿಸಬೇಕು, ಅರ್ಜಿ ಬಂದಿರೋ ವಿಷಯ ಕಟ್ಟಡದ ಮಾಲೀಕರಿಗೆ ಕಚೇರಿಯಿಂದಲೇ ಹೋಗುತ್ತೆ. ಗುಟ್ಟಾಗಿ ಮಾಡೋ ಹಾಗೇ ಇಲ್ಲ. ಬಾಡಿಗೆ ನಿಯಂತ್ರಣದಲ್ಲಿರೋ ಮನೆ, ಸರ್ಕಾರಿ ವಸತಿ ಇವಕ್ಕೆ ನೋಂದಣಿಯೇ ಸಿಗಲ್ಲ. ಮಾಲೀಕರಿಗೆ ಇಷ್ಟ ಇಲ್ಲದಿದ್ರೆ ಇಡೀ ಕಟ್ಟಡವನ್ನೇ ‘ನಿಷೇಧಿತ ಕಟ್ಟಡ’ಗಳ ಪಟ್ಟಿಗೆ ಸೇರಿಸಿಬಿಡಬಹುದು. ಆಮೇಲೆ ಅಲ್ಲಿ ಯಾರ ಅರ್ಜಿಯೂ ಪಾಸಾಗಲ್ಲ.

ಹಾಗಾಗಿ ಊರಿಗೆ ಬಂದಾಗ ಖಾಲಿ ಫ್ಲ್ಯಾಟನ್ನು ಮೂರು ವಾರ ಕೊಡೋದು ನ್ಯೂಯಾರ್ಕಲ್ಲಿ ಆಗದ ಕೆಲಸ. ಮನೆಯವರು ಬಾಳೆಹೊನ್ನೂರಲ್ಲಿದ್ದು ಮ್ಯಾನ್‌ಹಟನ್ ಮನೆಯಲ್ಲಿ ಮಲಗಿದ್ದೀನಿ ಅನ್ನೋಕಾಗಲ್ಲವಲ್ಲ. ಒಂದೇ ದಾರಿ ಅಂದ್ರೆ 30 ದಿನ ಅಥವಾ ಅದಕ್ಕಿಂತ ಹೆಚ್ಚಿಗೆ ಒಬ್ಬರಿಗೇ ಕೊಡೋದು. ಅದಕ್ಕೆ ಈ ನೋಂದಣಿ ಬೇಡ. ಆದರೆ ಆಗ ಅದು ಸಬ್‌ಲೆಟ್ ಆಗುತ್ತೆ, ಮಾಲೀಕರ ಒಪ್ಪಿಗೆ ಕೇಳಬೇಕು. ನಾಲ್ಕು ಅಥವಾ ಹೆಚ್ಚು ಮನೆ ಇರೋ ಕಟ್ಟಡದ ಬಾಡಿಗೆದಾರರಿಗೆ ಸಬ್‌ಲೆಟ್‌ಗೆ ಅನುಮತಿ ಕೇಳೋ ಹಕ್ಕನ್ನು ರಾಜ್ಯದ ಕಾನೂನೇ ಕೊಟ್ಟಿದೆ, ಮಾಲೀಕರು ಕಾರಣವಿಲ್ಲದೆ ಬೇಡ ಅನ್ನುವಂತಿಲ್ಲ. ಮೂರು ವಾರದ ರಜೆಯನ್ನು ಒಂದು ತಿಂಗಳು ದಾಟಿಸೋರಿಗೆ ಇದು ಉಪಯೋಗಕ್ಕೆ ಬರೋ ಮಾತು.

ನ್ಯೂಯಾರ್ಕಿನ ರೂಲ್ಸು ಅತಿ ಆಯ್ತು ಅನ್ನೋರೂ ಅಲ್ಲಿ ಕಡಿಮೆ ಇಲ್ಲ. ಬ್ರೂಕ್ಲಿನ್, ಕ್ವೀನ್ಸ್ ಕಡೆ ಒಂದು-ಎರಡು ಸಂಸಾರದ ಸ್ವಂತ ಮನೆ ಇಟ್ಟುಕೊಂಡು, ಮೇಲಿನ ಮಹಡಿ ಕೊಟ್ಟು ಸಾಲ ತೀರಿಸುತ್ತಿದ್ದ ಮಧ್ಯಮ ವರ್ಗದವರಿಗೆ ಬಿದ್ದಿರೋ ಹೊಡೆತ ನಿಜ. ಅಂಥ ಮನೆಗಳಿಗೆ ಸಡಿಲಿಕೆ ಕೊಡಬೇಕು ಅಂತ 2024ರ ನವೆಂಬರ್‌ನಲ್ಲಿ ಸಿಟಿ ಕೌನ್ಸಿಲ್‌ನಲ್ಲಿ ಮಸೂದೆಯೂ ಮಂಡನೆಯಾಗಿತ್ತು. ಇನ್ನೊಂದು ಕಡೆ ನೋಡಿದ್ರೆ, 2023ರಲ್ಲಿ ನಡೆದ ನಗರದ ವಸತಿ ಸಮೀಕ್ಷೆಯಲ್ಲಿ ಬಾಡಿಗೆಗೆ ಖಾಲಿ ಇದ್ದ ಮನೆ ಶೇ 1.4 ಮಾತ್ರ. 1968ರಿಂದೀಚೆಗೆ ಅಷ್ಟು ಕಡಿಮೆ ಆಗಿದ್ದೇ ಇಲ್ಲ. ನೂರು ಬಾಡಿಗೆ ಮನೆಯಲ್ಲಿ ಖಾಲಿ ಇರೋದು ಒಂದೋ ಎರಡೋ ಅನ್ನೋ ಊರಲ್ಲಿ ಮನೆಯನ್ನು ಪ್ರವಾಸಿಗರಿಗೆ ಕೊಡೋದಕ್ಕೆ ಸಿಟ್ಟು ಬರೋದು ಅರ್ಥವಾಗುತ್ತೆ. ಹಾಗಂತ ಈ ಕಾನೂನಿನಿಂದ ಬಾಡಿಗೆ ಇಳಿದಿದೆ ಅಂತ ಹೇಳೋ ಹಾಗಿಲ್ಲ. ಹೋಟೆಲಿನವರಿಗೆ ಮಾತ್ರ ಒಬ್ಬ ಪ್ರತಿಸ್ಪರ್ಧಿ ಕಡಿಮೆಯಾದ.

ಲಂಡನ್: ವರ್ಷಕ್ಕೆ 90 ರಾತ್ರಿ

ಲಂಡನ್ನಿನ ಕಥೆ ಉಲ್ಟಾ. ಅಲ್ಲಿ ಮೊದಲು ಬಿಗಿ ಇತ್ತು, ಆಮೇಲೆ ಸಡಿಲ ಆಯ್ತು. 1973ರ ಗ್ರೇಟರ್ ಲಂಡನ್ ಕೌನ್ಸಿಲ್ ಕಾಯ್ದೆ ಪ್ರಕಾರ ವಾಸದ ಮನೆಯನ್ನು ಸತತ 90 ರಾತ್ರಿಗಿಂತ ಕಡಿಮೆ ಅವಧಿಗೆ ತಂಗೋಕೆ ಕೊಟ್ಟರೆ ಅದು ಮನೆಯ ಬಳಕೆಯನ್ನೇ ಬದಲಿಸಿದ ಹಾಗೆ. ಪ್ಲಾನಿಂಗ್ ಅನುಮತಿ ಬೇಕಿತ್ತು. ನಮ್ಮಲ್ಲಿ ವಾಸದ ಮನೆಯನ್ನು ಕಮರ್ಷಿಯಲ್ ಮಾಡಿದ ಹಾಗೆ ಅಂತ ತಿಳ್ಕೊಳ್ಳಿ. 2015ರ ‘ಡಿರೆಗ್ಯುಲೇಶನ್ ಆಕ್ಟ್’ ಇದಕ್ಕೆ ಒಂದು ಕಿಂಡಿ ತೆರೆಯಿತು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 90 ರಾತ್ರಿ ದಾಟದಿದ್ದರೆ, ಕೊಡೋರು ಆ ಮನೆಯ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕಾದವರಾಗಿದ್ದರೆ ಅನುಮತಿ ಬೇಡ.

ಇದರಲ್ಲಿ ಎಲ್ಲೂ ‘ಮನೆಯವರು ಒಳಗಿರಬೇಕು’ ಅಂತ ಇಲ್ಲ. ಇಬ್ಬರೇ ಅತಿಥಿ ಅಂತಲೂ ಇಲ್ಲ. ಡಿಸೆಂಬರ್‌ನಲ್ಲಿ 20 ರಾತ್ರಿ, ಬೇಸಿಗೆಯಲ್ಲಿ 30 ರಾತ್ರಿ ಕೊಟ್ಟು ಊರಿಗೆ ಬಂದು ಹೋಗಬಹುದು. ಬಾಡಿಗೆಗಿರೋರೇ ಕೌನ್ಸಿಲ್ ಟ್ಯಾಕ್ಸ್ ಕಟ್ಟೋದು ಅಲ್ಲಿ ವಾಡಿಕೆ, ಹಾಗಾಗಿ ಆ ಷರತ್ತೂ ಪೂರೈಸುತ್ತೆ.

ಏರ್‌ಬಿಎನ್‌ಬಿ 2017ರಿಂದ ಲಂಡನ್ನಿನ ಪೂರ್ತಿ ಮನೆಗಳ ಲಿಸ್ಟಿಂಗಿಗೆ ತಾನೇ 90 ರಾತ್ರಿಯ ಮಿತಿ ಹಾಕಿದೆ. ಲೆಕ್ಕ ತುಂಬಿದ ಕೂಡಲೇ ಆ ವರ್ಷಕ್ಕೆ ಕ್ಯಾಲೆಂಡರ್ ಬಂದ್. ಮಜಾ ಇರೋದು ಇಲ್ಲೇ. ಒಂದು ಆ್ಯಪಿನಲ್ಲಿ 90 ಮುಗಿಸಿ ಇನ್ನೊಂದು ಆ್ಯಪಿನಲ್ಲಿ ಮತ್ತೆ ಒಂದರಿಂದ ಶುರು ಮಾಡಿದರೆ? ಕಾನೂನಿನ ಪ್ರಕಾರ ಅದು ತಪ್ಪೇ, ಯಾಕಂದ್ರೆ ಮಿತಿ ಮನೆಗೆ, ಆ್ಯಪಿಗಲ್ಲ. ಆದರೆ ಎಲ್ಲ ಆ್ಯಪಿನ ಲೆಕ್ಕ ಕೂಡಿಸಿ ನೋಡೋ ಒಂದು ಪುಸ್ತಕ ಕೌನ್ಸಿಲ್‌ಗಳ ಹತ್ತಿರ ಇರಲಿಲ್ಲ. ಲಂಡನ್ನಿನಲ್ಲಿ 32 ಬರೋಗಳು, ಜೊತೆಗೆ ಸಿಟಿ ಆಫ್ ಲಂಡನ್. ಪ್ರತಿಯೊಂದೂ ತನ್ನ ಗಡಿಯೊಳಗೆ ತಾನೇ ಹುಡುಕಿ, ಸಾಕ್ಷಿ ಕಲೆಹಾಕಿ, ನೋಟಿಸ್ ಕೊಟ್ಟು, ನೋಟಿಸಿಗೂ ಬಗ್ಗದಿದ್ರೆ ಕೋರ್ಟಿಗೆ ಎಳೆದು ದಂಡ ಹಾಕಿಸಬೇಕು. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ವರ್ಷಗಳಿಂದ ಗೋಳಾಡ್ತಿರೋದು ಇದನ್ನೇ. ಇಂಗ್ಲೆಂಡಿಗೆಲ್ಲ ಅನ್ವಯಿಸೋ ನೋಂದಣಿ ವ್ಯವಸ್ಥೆ ತರೋದಕ್ಕೆ 2023ರ ‘ಲೆವೆಲಿಂಗ್ ಅಪ್ ಅಂಡ್ ರಿಜನರೇಶನ್ ಆಕ್ಟ್’ ಅವಕಾಶ ಮಾಡಿಕೊಟ್ಟಿದೆ. ನ್ಯೂಯಾರ್ಕ್ ನಂಬರ್ ಇಲ್ಲದೆ ಬುಕಿಂಗೇ ಆಗದ ಹಾಗೆ ಮಾಡಿದ ಕಾಲಕ್ಕೆ ಲಂಡನ್ ಇನ್ನೂ ನಂಬರ್ ಕೊಡೋದು ಹೇಗೆ ಅಂತ ಮಾತಾಡ್ತಿತ್ತು.

ಹಾಗಾದ್ರೆ ಲಂಡನ್ನಲ್ಲಿರೋರು ಧೈರ್ಯವಾಗಿ ಕೊಡಬಹುದಾ? ತಡೀರಿ. ಅಲ್ಲಿ ತೊಂದರೆ ಬರೋದು ನಗರದಿಂದ ಅಲ್ಲ, ಕಾಗದಪತ್ರದಿಂದ. ಬಾಡಿಗೆ ಅಗ್ರಿಮೆಂಟುಗಳಲ್ಲಿ ಸಬ್‌ಲೆಟ್ ಮಾಡುವಂತಿಲ್ಲ ಅನ್ನೋ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತೆ. ಅದನ್ನು ಮುರಿದರೆ ಅದೇ ಕಾರಣ ಕೊಟ್ಟು ಮಾಲೀಕರು ಮನೆ ಖಾಲಿ ಮಾಡಿಸೋಕೆ ಕೋರ್ಟಿಗೆ ಹೋಗಬಹುದು.

ಸ್ವಂತ ಫ್ಲ್ಯಾಟ್ ತಗೊಂಡೋರೂ ಆರಾಮಾಗಿರೋ ಹಾಗಿಲ್ಲ. ಲಂಡನ್ನಲ್ಲಿ ಫ್ಲ್ಯಾಟ್ ಕೊಂಡರು ಅಂದ್ರೆ ಬಹಳಷ್ಟು ಸಲ ಅದು ಲೀಸ್‌ಹೋಲ್ಡ್, ಅಂದ್ರೆ ದೀರ್ಘಾವಧಿ ಗುತ್ತಿಗೆ. ‘ಖಾಸಗಿ ವಾಸಕ್ಕೆ ಮಾತ್ರ ಬಳಸಬೇಕು’ ಅಂತ ಆ ಲೀಸಿನಲ್ಲಿ ಬರೆದಿದ್ರೆ, ಕೆಲವು ದಿನಗಳ ಮಟ್ಟಿಗೆ ಅತಿಥಿಗಳಿಗೆ ಕೊಡೋದು ಅದನ್ನು ಮುರಿದ ಹಾಗೆ ಅಂತ 2016ರಲ್ಲಿ ಅಲ್ಲಿನ ಅಪ್ಪರ್ ಟ್ರಿಬ್ಯುನಲ್ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿದೆ. 90 ರಾತ್ರಿಯ ಒಳಗಿದ್ದೀನಿ ಅನ್ನೋದು ಅಲ್ಲಿ ರಕ್ಷಣೆಗೆ ಬರಲ್ಲ. ಮನೆ ಸಾಲ ಕೊಟ್ಟ ಬ್ಯಾಂಕಿನ ಷರತ್ತು, ಇನ್ಶೂರೆನ್ಸ್ ಪಾಲಿಸಿಯ ಷರತ್ತು ಇವನ್ನೂ ಓದಬೇಕು. ಕೌನ್ಸಿಲ್ ಮನೆ ಅಥವಾ ಹೌಸಿಂಗ್ ಅಸೋಸಿಯೇಶನ್ ಮನೆಯನ್ನು ಅನುಮತಿ ಇಲ್ಲದೆ ಬೇರೆಯವರಿಗೆ ಪೂರ್ತಿ ಬಿಟ್ಟುಕೊಟ್ರೆ 2013ರ ಕಾಯ್ದೆಯಡಿ ಕ್ರಿಮಿನಲ್ ಕೇಸೇ ಆಗಬಹುದು. ಇದರ ಜೊತೆ, 2023ರ ಅಕ್ಟೋಬರ್‌ನಿಂದ ಅತಿಥಿಗಳಿಗೆ ಮನೆ ಕೊಡೋರು ಬೆಂಕಿ ಅನಾಹುತದ ಅಪಾಯ ಏನೇನಿದೆ ಅಂತ ಬರಹದಲ್ಲಿ ಲೆಕ್ಕ ಇಡಬೇಕು.

ತೆರಿಗೆ: ಒಂದು ಕಡೆ ಬಿಲ್ಲಿನ ಮೇಲೆ, ಇನ್ನೊಂದು ಕಡೆ ಆದಾಯದ ಮೇಲೆ

ಮೊದಲು ಅತಿಥಿಯ ಜೇಬು. ನ್ಯೂಯಾರ್ಕ್ ನಗರದಲ್ಲಿ ಹೋಟೆಲ್ ರೂಮಿನ ಮೇಲೆ ಸೇಲ್ಸ್ ಟ್ಯಾಕ್ಸ್ ಶೇ 8.875. ರಾಜ್ಯದ್ದು 4, ನಗರದ್ದು 4.5, ರೈಲು-ಬಸ್ ಜಾಲಕ್ಕೆ ಹೋಗೋದು 0.375. ಅದರ ಮೇಲೆ ನಗರದ ಹೋಟೆಲ್ ಆಕ್ಯುಪೆನ್ಸಿ ಟ್ಯಾಕ್ಸ್ ಶೇ 5.875. ಸಾಲದು ಅಂತ ರಾತ್ರಿಗೆ 2 ಡಾಲರ್, ಇನ್ನೊಂದು ಹೆಸರಲ್ಲಿ ಒಂದೂವರೆ ಡಾಲರ್. 200 ಡಾಲರಿನ ರೂಮಿಗೆ ಲೆಕ್ಕ ಹಾಕಿದ್ರೆ ಶೇಕಡಾವಾರು ತೆರಿಗೆ 29.50, ರಾತ್ರಿ ಲೆಕ್ಕದ್ದು 3.50, ಒಟ್ಟು 33 ಡಾಲರ್ ತೆರಿಗೆಗೇ ಹೋಗುತ್ತೆ. ಫೋನಲ್ಲಿ 200 ಅಂತ ನೋಡಿ ಹೋದೋರು ಬಿಲ್ಲಲ್ಲಿ 233 ನೋಡ್ತಾರೆ. ಅಮೆರಿಕದಲ್ಲಿ ತೆರಿಗೆಯನ್ನು ಬೋರ್ಡಿನ ದರಕ್ಕೆ ಸೇರಿಸದೆ ಆಮೇಲೆ ಹಾಕೋದು ರೂಢಿ.

ಮನೆಗಳ ವಿಷಯಕ್ಕೆ ಬಂದ್ರೆ, 2025ರ ಮಾರ್ಚ್‌ನಿಂದ ನ್ಯೂಯಾರ್ಕ್ ರಾಜ್ಯ ದಿನಬಾಡಿಗೆ ಮನೆಗಳನ್ನೂ ಸೇಲ್ಸ್ ಟ್ಯಾಕ್ಸಿನ ವ್ಯಾಪ್ತಿಗೆ ಸ್ಪಷ್ಟವಾಗಿ ತಂದಿದೆ. ಆ್ಯಪ್ ಮೂಲಕ ಬುಕ್ ಆದ್ರೆ ವಸೂಲಿ ಮಾಡಿ ಕಟ್ಟೋ ಹೊಣೆ ಬುಕಿಂಗ್ ಕಂಪನಿಯದ್ದು. ವರ್ಷಕ್ಕೆ ಒಂದೆರಡು ಸಲ ಮಾತ್ರ ಮನೆ ಕೊಡೋರಿಗೆ ನಗರದ ಹೋಟೆಲ್ ತೆರಿಗೆಯಿಂದ ವಿನಾಯಿತಿ ಇದೆ.

ಲಂಡನ್ನಲ್ಲಿ ರಾತ್ರಿ ಲೆಕ್ಕದ ಪ್ರವಾಸಿ ತೆರಿಗೆ ಅನ್ನೋದೇ ಇರಲಿಲ್ಲ. ಯುರೋಪಿನ ಪ್ಯಾರಿಸ್, ರೋಮ್, ಆಮ್‌ಸ್ಟರ್‌ಡ್ಯಾಮ್ ಎಲ್ಲ ವಸೂಲಿ ಮಾಡ್ತಿದ್ರೂ ಇಷ್ಟು ದೊಡ್ಡ ಊರು ಸುಮ್ಮನಿತ್ತು ಅನ್ನೋದೇ ಆಶ್ಚರ್ಯ. ಇಂಗ್ಲೆಂಡಿನ ಮೇಯರ್‌ಗಳಿಗೆ ಇಂಥ ತೆರಿಗೆ ಹಾಕೋ ಅಧಿಕಾರ ಕೊಡ್ತೀವಿ ಅಂತ 2025ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಘೋಷಿಸಿದೆ. ಹೋಟೆಲ್ ರೂಮಿಗೆ ಶೇ 20 ವ್ಯಾಟ್ ಇದೆ, ಆದರೆ ಅದು ತೋರಿಸೋ ದರದೊಳಗೇ ಸೇರಿರುತ್ತೆ. ಸ್ವಂತ ಮನೆ ಕೊಡೋ ಸಾಮಾನ್ಯ ಜನರಿಗೆ ವ್ಯಾಟ್ ತಟ್ಟೋದು ಕಡಿಮೆ, ಯಾಕಂದ್ರೆ ವರ್ಷದ ವಹಿವಾಟು 90,000 ಪೌಂಡ್ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ.

ಇದನ್ನು ನಮ್ಮ ಹೋಂಸ್ಟೇ ಜೊತೆ ಇಟ್ಟು ನೋಡಿದ್ರೆ ಬೇಗ ಅರ್ಥ ಆಗುತ್ತೆ. ಇಲ್ಲಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಇನ್‌ಪುಟ್ ಕ್ರೆಡಿಟ್ ಇಲ್ಲ. ಅದಕ್ಕಿಂತ ಮೇಲಾದರೆ ಶೇ 18. ವರ್ಷದ ವಹಿವಾಟು 20 ಲಕ್ಷ ದಾಟದ ಹೋಂಸ್ಟೇಯವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಆದರೆ ಆ್ಯಪಿನಿಂದ ಬಂದ ಬುಕಿಂಗಿನ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕು. ವಸೂಲಿ ಆ್ಯಪಿನ ತಲೆಗೆ ಕಟ್ಟೋ ವಿಷಯದಲ್ಲಿ ನಮ್ಮದು ನ್ಯೂಯಾರ್ಕಿನ ದಾರಿ.

ಇನ್ನೊಂದು ವಿಷಯದಲ್ಲೂ ನಾವು ನ್ಯೂಯಾರ್ಕಿಗೇ ಹತ್ತಿರ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆ ಪ್ರಕಾರ ಮನೆಯವರು ಸಂಸಾರ ಸಮೇತ ಅದೇ ಮನೆಯಲ್ಲಿ ವಾಸ ಇರಬೇಕು, ಒಂದರಿಂದ ಆರು ರೂಮ್‌ವರೆಗೆ ಮಾತ್ರ ಕೊಡಬೇಕು. ಮನೆಯವರಿಲ್ಲದೆ ಮ್ಯಾನೇಜರ್ ಇಟ್ಟು ನಡೆಸಿದರೆ ಅದು ಹೋಂಸ್ಟೇ ಹೇಗಾಗುತ್ತೆ ಅನ್ನೋ ಮಾತು ಜಿಲ್ಲೆಯಲ್ಲಿ ಹೊಸದಲ್ಲ. ಆ ಮಾತನ್ನೇ ನ್ಯೂಯಾರ್ಕ್ ದಂಡ ಹಾಕಿ ಜಾರಿ ಮಾಡಿದೆ.

ಈಗ ಮನೆ ಕೊಡೋರ ಆದಾಯ ತೆರಿಗೆ. ಇದರಲ್ಲಿ ಎರಡೂ ದೇಶ ಸಣ್ಣವರಿಗೆ ಸ್ವಲ್ಪ ಉದಾರ.

ಅಮೆರಿಕದಲ್ಲಿ ತಾವು ವಾಸ ಇರೋ ಮನೆಯನ್ನು ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ರೆ ಆ ದುಡ್ಡಿಗೆ ಫೆಡರಲ್ ಆದಾಯ ತೆರಿಗೆಯೇ ಇಲ್ಲ. ಖರ್ಚು ಕಳೆಯೋಕೂ ಆಗಲ್ಲ, ಅದು ಬೇರೆ. ಹದಿನೈದನೇ ದಿನ ಬಂದ ಕೂಡಲೇ ಪೂರ್ತಿ ಲೆಕ್ಕ ತೋರಿಸಬೇಕು. ನ್ಯೂಯಾರ್ಕ್ ನಿವಾಸಿಗಳಿಗೆ ಫೆಡರಲ್, ರಾಜ್ಯ ಸಾಲದು ಅಂತ ನಗರದ ಆದಾಯ ತೆರಿಗೆಯೂ ಇದೆ ಅನ್ನೋದನ್ನು ಮರೆಯೋ ಹಾಗಿಲ್ಲ. ಒಂದು ಮಾತು ತಲೇಲಿರಲಿ: ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಕೊಡೋದು ಕಾನೂನುಬದ್ಧ ಅಂತಲ್ಲ. 14 ದಿನದ ವಿನಾಯಿತಿ ಓದಿ ಖಾಲಿ ಫ್ಲ್ಯಾಟ್ ಕೊಟ್ಟರೆ ನಗರದ ದಂಡ ಹಾಗೇ ಬರುತ್ತೆ. ತೆರಿಗೆ ಇಲಾಖೆ ಬೇರೆ, ನೋಂದಣಿ ಕಚೇರಿ ಬೇರೆ.

ಬ್ರಿಟನ್ನಲ್ಲಿ ‘ರೆಂಟ್ ಎ ರೂಮ್’ ಅನ್ನೋ ಸ್ಕೀಮಿದೆ. ತಾವಿರೋ ಮನೆಯಲ್ಲೇ ಫರ್ನಿಚರ್ ಇರೋ ರೂಮ್ ಕೊಟ್ಟು ಬಂದ ಬಾಡಿಗೆ ವರ್ಷಕ್ಕೆ 7,500 ಪೌಂಡ್‌ವರೆಗೆ ತೆರಿಗೆ ಇಲ್ಲ. ಗಂಡ-ಹೆಂಡತಿ ಇಬ್ಬರ ಪಾಲಿಗೆ ಬಂದ್ರೆ ತಲಾ 3,750. ಬಾಡಿಗೆಗಿರೋರಿಗೂ ಇದು ಸಿಗುತ್ತೆ. ಇದಲ್ಲದೆ ಆಸ್ತಿಯಿಂದ ಬರೋ ಸಣ್ಣಪುಟ್ಟ ಆದಾಯಕ್ಕೆ 1,000 ಪೌಂಡಿನ ಇನ್ನೊಂದು ವಿನಾಯಿತಿ ಇದೆ. ಹಿಂದೆ ಪ್ರವಾಸಿಗರಿಗೆ ಅಂತಲೇ ಮನೆ ಇಟ್ಟೋರಿಗೆ ‘ಫರ್ನಿಶ್ಡ್ ಹಾಲಿಡೇ ಲೆಟ್ಟಿಂಗ್’ ಹೆಸರಲ್ಲಿ ವಿಶೇಷ ಸೌಲಭ್ಯ ಇತ್ತು, ಮನೆ ಸಾಲದ ಬಡ್ಡಿಯನ್ನು ಪೂರ್ತಿ ಕಳೆಯಬಹುದಿತ್ತು. 2025ರ ಏಪ್ರಿಲ್‌ನಿಂದ ಅದು ರದ್ದು. ಅದನ್ನು ನೆಚ್ಚಿ ಎರಡನೇ ಫ್ಲ್ಯಾಟ್ ತಗೊಳ್ಳೋಕೆ ಹೊರಟಿರೋರಿಗೆ ಹಳೇ ಯೂಟ್ಯೂಬ್ ವಿಡಿಯೊ ನೋಡಿ ಲೆಕ್ಕ ಹಾಕೋದು ಬೇಡ ಅಂತ ಹೇಳಬೇಕು.

ಲಂಡನ್ನಿನ ಒಂದು ವಿಚಿತ್ರ ಇದೆ. ಇಂಗ್ಲೆಂಡಲ್ಲಿ ಪ್ರವಾಸಿಗರ ಮನೆಯನ್ನು ಕೌನ್ಸಿಲ್ ಟ್ಯಾಕ್ಸಿಂದ ಬಿಸಿನೆಸ್ ರೇಟ್ಸಿಗೆ ಬದಲಾಯಿಸಬೇಕಂದ್ರೆ ವರ್ಷಕ್ಕೆ ಕನಿಷ್ಠ 140 ರಾತ್ರಿ ಬಾಡಿಗೆಗೆ ಲಭ್ಯ ಇರಬೇಕು, 70 ರಾತ್ರಿ ನಿಜವಾಗಿ ಬಾಡಿಗೆಗೆ ಹೋಗಿರಬೇಕು. ಸಣ್ಣ ವ್ಯಾಪಾರಕ್ಕೆ ರಿಯಾಯಿತಿ ಸಿಗೋದರಿಂದ ಬೇರೆ ಊರಲ್ಲಿ ತುಂಬ ಜನ ಇದನ್ನು ಬಯಸ್ತಾರೆ. ಲಂಡನ್ನಲ್ಲಿ ಮಿತಿಯೇ 90. ಪ್ಲಾನಿಂಗ್ ಅನುಮತಿ ಇಲ್ಲದೆ 140 ರಾತ್ರಿ ಬಾಗಿಲು ತೆರೆದಿಡೋದು ಹೇಗೆ? ಒಂದು ಕಚೇರಿ ಕೇಳೋದನ್ನು ಇನ್ನೊಂದು ಕಚೇರಿ ಮಾಡೋಕೆ ಬಿಡಲ್ಲ.

ಆದಾಯ ಮುಚ್ಚಿಡ್ತೀನಿ ಅನ್ನೋ ಕಾಲ ಎರಡೂ ಕಡೆ ಮುಗಿದಿದೆ. ಬ್ರಿಟನ್ನಲ್ಲಿ 2024ರ ಜನವರಿಯಿಂದ ಆ್ಯಪ್ ಕಂಪನಿಗಳು ಯಾರಿಗೆ ಎಷ್ಟು ದುಡ್ಡು ಹೋಯ್ತು ಅನ್ನೋ ಲೆಕ್ಕ ಇಡಬೇಕು, ಅದನ್ನು ತೆರಿಗೆ ಇಲಾಖೆಗೆ ಕಳಿಸಬೇಕು. ಮೊದಲ ವರ್ಷದ ಲೆಕ್ಕ 2025ರ ಜನವರಿ ಒಳಗೆ ಹೋಗಬೇಕಿತ್ತು.

ಇಲ್ಲಿರೋ ತಂದೆ-ತಾಯಿಗೆ ಒಂದು ಎಚ್ಚರಿಕೆ. ಮಕ್ಕಳ ಜೊತೆ ಸೇರಿ ವಿದೇಶದ ಫ್ಲ್ಯಾಟಿಗೆ ತಮ್ಮ ಹೆಸರೂ ಹಾಕಿಸಿಕೊಂಡಿದ್ರೆ, ಇಲ್ಲಿ ಸಾಮಾನ್ಯ ನಿವಾಸಿಗಳಾಗಿ ರಿಟರ್ನ್ಸ್ ಸಲ್ಲಿಸೋರು ಆ ಆಸ್ತಿಯನ್ನು, ಅದರಿಂದ ಬಂದ ಬಾಡಿಗೆಯನ್ನು ಭಾರತದ ರಿಟರ್ನ್ಸಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕಡಿತ ಪಡೆಯೋ ಒಪ್ಪಂದ ಎರಡೂ ದೇಶಗಳ ಜೊತೆ ಇದೆ. ಆದರೆ ತೋರಿಸದೇ ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂ. ದಂಡಕ್ಕೆ ಅವಕಾಶ ಇದೆ. ಆಡಿಟರ್ ಹತ್ರ ಹೋದಾಗ ಈ ವಿಷಯವನ್ನು ತಾವಾಗಿಯೇ ಬಾಯಿಬಿಟ್ಟು ಹೇಳೋದು ಒಳ್ಳೇದು, ಅವರು ಕೇಳದೇ ಇರಬಹುದು.

ಹೋಗಿ ಉಳಿಯೋರಿಗೆ

ಬಾಡಿಗೆಗೆ ಕೊಡೋರಿಗಿಂತ ಹೋಗಿ ಉಳಿಯೋರೇ ಜಾಸ್ತಿ. ಮೊಮ್ಮಗು ನೋಡೋಕೆ, ಬಾಣಂತನಕ್ಕೆ, ಕಾನ್ವೊಕೇಶನ್‌ಗೆ ಅಂತ ಹೋಗೋ ತಂದೆ-ತಾಯಿ, ಮಗನ ಒಂದು ರೂಮಿನ ಮನೇಲಿ ಜಾಗ ಸಾಲದೆ ಪಕ್ಕದಲ್ಲೇ ಒಂದು ಮನೆ ನೋಡ್ತಾರೆ.

ನ್ಯೂಯಾರ್ಕ್ ನಗರದಲ್ಲಿ ಹತ್ತು ದಿನಕ್ಕೆ, ನಾಲ್ಕು ಜನಕ್ಕೆ ಪೂರ್ತಿ ಫ್ಲ್ಯಾಟ್ ಅಂತ ಯಾರಾದ್ರೂ ತೋರಿಸಿದ್ರೆ ಅನುಮಾನ ಪಡಬೇಕು. ಸಾಮಾನ್ಯ ವಾಸದ ಕಟ್ಟಡದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಕಾನೂನಿನ ಪ್ರಕಾರ ನಡೆಯೋ ಮನೆಯ ಲಿಸ್ಟಿಂಗಲ್ಲಿ ‘ಒಎಸ್‌ಇ’ ಅಂತ ಶುರುವಾಗೋ ನೋಂದಣಿ ನಂಬರ್ ಇರುತ್ತೆ. ಹೋಟೆಲ್ ಆಗಿದ್ರೆ ಆ ಮಾತು ಬೇರೆ. ಅಕ್ರಮ ಮನೆಯಲ್ಲಿ ಉಳಿದ ಅತಿಥಿಗೆ ದಂಡ ಹಾಕಲ್ಲ ಅಂತ ನಗರಾಡಳಿತವೇ ಹೇಳಿದೆ, ಆದರೆ ರಾತ್ರಿ ಹತ್ತಕ್ಕೆ ಎರಡು ಸೂಟ್‌ಕೇಸ್ ಹಿಡಿದು ನಿಂತಾಗ ಬುಕಿಂಗ್ ಕ್ಯಾನ್ಸಲ್ ಆದ್ರೆ ಅದೇ ದೊಡ್ಡ ದಂಡ. ‘ಆ್ಯಪ್ ಬೇಡ, ನೇರ ಅಕೌಂಟಿಗೆ ದುಡ್ಡು ಹಾಕಿ, ಕಡಿಮೆ ಮಾಡ್ಕೊಡ್ತೀನಿ’ ಅನ್ನೋರ ಹತ್ತಿರ ಹೋಗಲೇಬಾರದು.

ಬಾಣಂತನಕ್ಕೆ ಎರಡು-ಮೂರು ತಿಂಗಳು ಇರೋರಿಗೆ ಈ ತಲೆನೋವು ಕಡಿಮೆ. 30 ದಿನ ಅಥವಾ ಮೇಲ್ಪಟ್ಟ ಬಾಡಿಗೆಗೆ ನೋಂದಣಿ ನಿಯಮ ಅನ್ವಯಿಸಲ್ಲ, ಮನೆಯವರು ಜೊತೆಗಿರಬೇಕು ಅನ್ನೋದೂ ಇಲ್ಲ. ನದಿಯ ಆಚೆ ನ್ಯೂಜೆರ್ಸಿಯಲ್ಲಿ ಹುಡುಕೋಣ ಅನ್ನೋರು ಅದು ಬೇರೆ ರಾಜ್ಯ, ಬೇರೆ ಕಾನೂನು ಅನ್ನೋದನ್ನು ನೆನಪಿಡಬೇಕು. ನಮ್ಮವರು ಜಾಸ್ತಿ ಇರೋ ಜೆರ್ಸಿ ಸಿಟಿಯಲ್ಲಿ 2019ರ ನವೆಂಬರ್‌ನಲ್ಲಿ ಜನರ ಮತಕ್ಕೇ ಹಾಕಿ ದಿನಬಾಡಿಗೆಯನ್ನು ಬಿಗಿ ಮಾಡಿದ್ದಾರೆ. ಮಾಲೀಕರು ಅಲ್ಲಿ ವಾಸ ಇಲ್ಲದಿದ್ರೆ ವರ್ಷಕ್ಕೆ 60 ರಾತ್ರಿಯ ಮಿತಿ. ಒಂದೇ ರೈಲಿನಲ್ಲಿ ಹೋಗೋ ದೂರದಲ್ಲಿ ನ್ಯೂಯಾರ್ಕಿನ ಆಳಿನ ಲೆಕ್ಕವೂ ಲಂಡನ್ನಿನ ರಾತ್ರಿ ಲೆಕ್ಕವೂ ಅಕ್ಕಪಕ್ಕ ಸಿಗುತ್ತೆ.

ಲಂಡನ್ನಲ್ಲಿ ಪೂರ್ತಿ ಮನೆ ಸಿಗುತ್ತೆ, ಮನೆಯವರು ಇರಬೇಕಿಲ್ಲ, ನಾಲ್ಕು ಜನಕ್ಕೂ ಅಡ್ಡಿಯಿಲ್ಲ. ವರ್ಷದ ಕೊನೆಯ ತಿಂಗಳಲ್ಲಿ ಮಾತ್ರ ಸ್ವಲ್ಪ ಹುಷಾರು. ಅಷ್ಟರಲ್ಲಿ ಎಷ್ಟೋ ಮನೆಗಳ 90 ರಾತ್ರಿ ಮುಗಿದು ಲಿಸ್ಟಿಂಗ್ ಬಂದ್ ಆಗಿರುತ್ತೆ, ಜನವರಿ 1ಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಒಂದೇ ಕಡೆ ಸತತ 90 ರಾತ್ರಿ ಅಥವಾ ಹೆಚ್ಚು ಇರೋರಿಗೆ ಈ ಮಿತಿಯೇ ಅನ್ವಯಿಸಲ್ಲ. ಆರು ತಿಂಗಳ ವಿಸಿಟರ್ ವೀಸಾದಲ್ಲಿ ಹೋಗೋರು ಮೂರು ತಿಂಗಳಿಗೆ ಒಟ್ಟಿಗೇ ಮಾತಾಡಿಕೊಂಡ್ರೆ ಮನೆ ಸಿಗೋದೂ ಸುಲಭ, ದರವೂ ಇಳಿಯಬಹುದು. ಎರಡೂ ಊರಲ್ಲಿ ಬಾಡಿಗೆ ಕೊಟ್ಟ ರಸೀದಿ, ಮನೆಯ ಪೂರ್ತಿ ವಿಳಾಸ, ಮಾಲೀಕರ ಹೆಸರು ಇರೋ ಒಂದು ಪ್ರಿಂಟ್ ಕೈಯಲ್ಲಿರಲಿ. ವಿಮಾನ ನಿಲ್ದಾಣದ ಇಮಿಗ್ರೇಶನ್ ಕೌಂಟರಲ್ಲಿ ‘ಎಲ್ಲಿ ಉಳ್ಕೊಳ್ತೀರಿ’ ಅಂತ ಕೇಳಿದಾಗ ಫೋನಿಗೆ ನೆಟ್‌ವರ್ಕ್ ಸಿಗದೇ ಇರೋದೇ ಜಾಸ್ತಿ.